ಇರುಳ ರೈಲುಗಳ ಚಿತ್ರಗಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ಸೀಳಿಕೊಂಡು ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲುದಾರಿ ಸಾಗುತ್ತದೆ. ಮಾಯಸಂದ್ರದಂಥ ಊರಿನ ಹುಡುಗನೊಬ್ಬನು ನೆಂಟರ ಮನೆಗೆ ಹೊರಟು, ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ಬಾಣಸಂದ್ರದ ನಿಲ್ದಾಣದಲ್ಲಿ ಗಾಡಿಗಾಗಿ ಕಾದಿದ್ದಾನೆಂದು ಭಾವಿಸೋಣ. ಅವನಿಗೆ ಮೊದಲು ಕಾಣುವುದು ದೂರದ ಒಂದು ದೀಪ. ಅದು ಹತ್ತಿರವಾದಂತೆ ಹಳಿಗಳು ಎರಡು ಬೆಳ್ಳಿಯ ಗೆರೆಗಳಾಗುತ್ತವೆ, ಕಾಲ ಕೆಳಗಿನ ನೆಲ ಅದುರುತ್ತದೆ. ಆದರೆ ಎಂಜಿನ್ನಿನ ಮೈ ಕಾಣುವುದಿಲ್ಲ. ತೋಟದ ಮರಗಳಾಗಲಿ, ಹಳಿಯ ಪಕ್ಕದ ಮನೆಯಾಗಲಿ, ಆ ಮನೆಯ ಜಗಲಿಯಲ್ಲಿ ಕುಳಿತವರಾಗಲಿ ಕಾಣುವುದಿಲ್ಲ. ನಿಲ್ಲದೆ ಹೋಗುವ ಗಾಡಿಯಾದರೆ ಕಿಟಕಿಗಳ ದೀಪಮಾಲೆ ಒಮ್ಮೆ ಹರಿದು ಮಾಯವಾಗುತ್ತದೆ. ಕಣ್ಣಿಗೇ ಸಿಕ್ಕದ ಈ ನೋಟವನ್ನು ಕ್ಯಾಮೆರಾ ಹಿಡಿಯಬಲ್ಲುದೆ?

ಕತ್ತಲೆಯಲ್ಲಿ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟರೆ ನಿಂತಿರುವ ವಸ್ತುಗಳು ಹೇಗೋ ಮೂಡಿಯಾವು. ಓಡುವ ರೈಲು ಮಾತ್ರ ಬರಿಯ ಬೆಳಕಿನ ಗೀಟಾಗಿ ಉಳಿಯುತ್ತದೆ. ಅದನ್ನು ಇದ್ದಂತೆಯೇ ಹಿಡಿಯಬೇಕಾದರೆ ಇಡೀ ಬಯಲನ್ನು ಒಂದೇ ಒಂದು ಕ್ಷಣ ಹಗಲಾಗಿಸಬೇಕು. ಈ ಕೆಲಸವನ್ನು ಕೈಗೆತ್ತಿಕೊಂಡು, ತನ್ನ ಬದುಕಿನ ಐದು ವರ್ಷಗಳನ್ನೂ ದುಡಿದ ಹಣವನ್ನೂ ಅದಕ್ಕೆ ಸುರಿದವನು ಅಮೆರಿಕದ ಛಾಯಾಗ್ರಾಹಕ ವಿನ್‌ಸ್ಟನ್ ಲಿಂಕ್.

ಲಿಂಕ್ ಹುಟ್ಟಿದ್ದು 1914ರ ಡಿಸೆಂಬರ್ 16ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಎಂಬ ಭಾಗದಲ್ಲಿ. ಆತನ ತಂದೆ ಶಾಲೆಯಲ್ಲಿ ಮರಗೆಲಸವನ್ನು ಕಲಿಸುವ ಉಪಾಧ್ಯಾಯರು. ಮಗನಿಗೆ ಉಳಿ ಬಾಚಿಗಳ ಬಳಕೆಯನ್ನೂ, ಕೈಯಿಂದ ಏನನ್ನಾದರೂ ಮಾಡಿ ನೋಡುವ ಅಭ್ಯಾಸವನ್ನೂ ಹಚ್ಚಿದವರು ಅವರೇ. ಛಾಯಾಚಿತ್ರದ ಗೀಳೂ ಚಿಕ್ಕಂದಿನಲ್ಲಿಯೇ ಅಂಟಿಕೊಂಡಿತು. ಚಿಕ್ಕ ಚಿತ್ರವನ್ನು ದೊಡ್ಡದಾಗಿ ಮುದ್ರಿಸುವ ಯಂತ್ರವನ್ನು ಕೊಳ್ಳುವುದಕ್ಕೆ ಬದಲಾಗಿ ಹುಡುಗನು ತಾನೇ ಒಂದನ್ನು ತಯಾರಿಸಿಕೊಂಡನಂತೆ. ಮುಂದೆ ಬ್ರೂಕ್ಲಿನ್ನಿನ ಪಾಲಿಟೆಕ್ನಿಕ್ ಸಂಸ್ಥೆಯನ್ನು ಸೇರಿ 1937ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿಯನ್ನು ಪಡೆದನು. ಸೇತುವೆ ರಸ್ತೆಗಳನ್ನು ಕಟ್ಟುವ ವಿದ್ಯೆಯನ್ನು ಕಲಿತವನು ಸೇತುವೆಯನ್ನು ಕಟ್ಟಲಿಲ್ಲ. ಕಾಲೇಜಿನ ಪತ್ರಿಕೆಯ ಔತಣಕೂಟವೊಂದರಲ್ಲಿ ಆತನು ಮಾಡಿದ ಭಾಷಣ ಅಲ್ಲಿದ್ದವರೊಬ್ಬರಿಗೆ ಮೆಚ್ಚುಗೆಯಾಗಿ, ಪ್ರಚಾರ ಸಂಸ್ಥೆಯೊಂದರಲ್ಲಿ ಛಾಯಾಗ್ರಾಹಕನ ಕೆಲಸ ಕಾದುಕೊಂಡಿತ್ತು. ಆದರೆ ಎಂಜಿನಿಯರಿನ ಬುದ್ಧಿ ಆತನನ್ನು ಎಂದೂ ಬಿಟ್ಟು ಹೋಗಲಿಲ್ಲ. ಮುಂದೆ ಆತನು ಮಾಡಿದ ಸಾಹಸಕ್ಕೆಲ್ಲ ಅದೇ ಬಂಡವಾಳವಾಯಿತು.

ಎರಡನೆಯ ಮಹಾಯುದ್ಧ ಬಂದಿತು. ಮಂಗನಬಾವಿನ ಬೇನೆಯಿಂದ ಲಿಂಕ್‌ನ ಕಿವಿ ಮಂದವಾಗಿತ್ತು. ಆದುದರಿಂದ ಆತನು ಸೈನ್ಯಕ್ಕೆ ಸೇರಲಾಗಲಿಲ್ಲ. ಬದಲಿಗೆ 1942ರಿಂದ 1945ರವರೆಗೆ, ನೀರಿನೊಳಗೆ ಅಡಗಿದ ಜಲಾಂತರ್ಗಾಮಿಗಳನ್ನು ವಿಮಾನದಿಂದ ಪತ್ತೆಹಚ್ಚುವ ಉಪಕರಣವನ್ನು ರೂಪಿಸುತ್ತಿದ್ದ ಒಂದು ಪ್ರಯೋಗಾಲಯದಲ್ಲಿ ದುಡಿದನು. ಆ ಪ್ರಯೋಗಾಲಯವಿದ್ದುದು ಲಾಂಗ್ ಐಲೆಂಡಿನ ರೈಲುಹಳಿಯ ಪಕ್ಕದಲ್ಲಿ. ಬಿಡುವಾದಾಗ ಆತನು ಹೊರಬಂದು ಗಾಡಿಗಳನ್ನು ನೋಡುತ್ತ ನಿಲ್ಲುವನು. ರಾತ್ರಿಯ ರೈಲಿನ ಚಿತ್ರವನ್ನು ಫ್ಲಾಶ್ ಬೆಳಕಿನಲ್ಲಿ ತೆಗೆಯಬಹುದೆಂಬ ಆಸೆ ಅಲ್ಲಿಯೇ ಮೊಳಕೆಯೊಡೆಯಿತು. ಯುದ್ಧ ಮುಗಿದ ಮೇಲೆ 1946ರಲ್ಲಿ ಆತನು ನ್ಯೂಯಾರ್ಕಿನಲ್ಲಿ ಸ್ವಂತ ಸ್ಟುಡಿಯೊ ತೆರೆದನು. ದೊಡ್ಡ ದೊಡ್ಡ ಕಾರ್ಖಾನೆಗಳ ಯಂತ್ರಗಳನ್ನೂ ತಯಾರಿಕೆಗಳನ್ನೂ ಜಾಹೀರಾತಿಗಾಗಿ ಚಿತ್ರಿಸುವುದು ಆತನ ವೃತ್ತಿಯಾಯಿತು. ವಿಶಾಲವಾದ ಕತ್ತಲೆಯ ಕಾರ್ಖಾನೆಯೊಳಗೆ ಯಾವ ಮೂಲೆಗೆ ಎಷ್ಟು ಬೆಳಕು ಬೇಕು ಎಂಬ ಲೆಕ್ಕ ಆತನಿಗೆ ಕರಗತವಾದುದು ಆ ದಿನಗಳಲ್ಲಿ.

1955ರ ಜನವರಿಯಲ್ಲಿ ಒಂದು ಕಾರ್ಖಾನೆಯ ಕೆಲಸದ ಮೇಲೆ ಆತನು ವರ್ಜೀನಿಯ ರಾಜ್ಯದ ಸ್ಟಾಂಟನ್ ಎಂಬ ಊರಿಗೆ ಹೋಗಬೇಕಾಯಿತು. ಹತ್ತಿರದ ವೇನ್ಸ್‌ಬರೊ ಎಂಬಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ ಕಂಪನಿಯ ನಿಲ್ದಾಣವಿತ್ತು. ಸಂಜೆ ಕೆಲಸ ಮುಗಿದ ಮೇಲೆ ಆತನು ಅಲ್ಲಿಗೆ ಹೋದನು. ಕತ್ತಲೆಯಲ್ಲಿ ಬಿಳಿಯ ಉಗಿಯನ್ನು ಉಸಿರಾಡುತ್ತ ಕರಿಯ ಎಂಜಿನ್ನೊಂದು ಬಂದು ನಿಂತಿತು. ಅಮೆರಿಕದ ಉಳಿದ ದೊಡ್ಡ ರೈಲ್ವೆಗಳೆಲ್ಲ ಆ ವೇಳೆಗೆ ಉಗಿ ಎಂಜಿನ್ನುಗಳನ್ನು ತೊರೆದು ಡೀಸೆಲ್ಲಿಗೆ ತಿರುಗಿದ್ದುವು, ಇಲ್ಲವೆ ತಿರುಗುತ್ತಿದ್ದುವು. ಈ ಕಂಪನಿ ಮಾತ್ರ ಉಗಿಯನ್ನೇ ನೆಚ್ಚಿಕೊಂಡಿತ್ತು. ಅದಕ್ಕೆ ಕಾರಣವೂ ಉಂಟು. ಪಶ್ಚಿಮ ವರ್ಜೀನಿಯದ ಗಣಿಗಳಿಂದ ಕಡಲ ಬಂದರಿಗೆ ಕಲ್ಲಿದ್ದಲನ್ನು ಸಾಗಿಸುವುದೇ ಅದರ ಮುಖ್ಯ ವ್ಯಾಪಾರ. ಹೊರುವ ಸರಕೇ ಎಂಜಿನ್ನಿನ ಆಹಾರವೂ ಆಗಿತ್ತು. ಅಲ್ಲದೆ ರೊನೋಕ್ ಎಂಬ ಪಟ್ಟಣದ ತನ್ನ ಸ್ವಂತ ಕಾರ್ಖಾನೆಯಲ್ಲಿ ಅದು ದೇಶದಲ್ಲಿಯೇ ಹೆಸರಾದ ಉಗಿ ಎಂಜಿನ್ನುಗಳನ್ನು ತಯಾರಿಸುತ್ತಿತ್ತು. ಆದರೂ ಇದು ಬಹುಕಾಲ ನಡೆಯುವಂತಿರಲಿಲ್ಲ. ಲಿಂಕ್ ಅದನ್ನು ಕಂಡ ಕೂಡಲೆ ಅರಿತನು. ಮರುದಿನ ರಾತ್ರಿಯೇ ಸಲಕರಣೆಗಳೊಡನೆ ಮತ್ತೆ ಬಂದು, ಜನವರಿ 21ರಂದು ತನ್ನ ಮೊದಲ ಚಿತ್ರವನ್ನು ತೆಗೆದನು. ಊರಿಗೆ ಮರಳಿದ ಮೇಲೆ ಕಂಪನಿಗೆ ಪತ್ರ ಬರೆದು, ಅದರ ಉಗಿಬಂಡಿಗಳನ್ನು ರಾತ್ರಿಯ ವೇಳೆ ಚಿತ್ರಿಸಲು ಅಪ್ಪಣೆಯನ್ನೂ ನೌಕರರ ನೆರವನ್ನೂ ಬೇಡಿದನು. ಹಣವನ್ನು ಕೇಳಲಿಲ್ಲ. ಕಂಪನಿಯು ಸಂತೋಷದಿಂದ ಒಪ್ಪಿತು. ಅದೇ ವರ್ಷದಲ್ಲಿಯೇ ಆ ಕಂಪನಿಯೂ ಡೀಸೆಲ್ ಎಂಜಿನ್ನುಗಳನ್ನು ಕೊಳ್ಳುವ ನಿರ್ಧಾರವನ್ನು ಪ್ರಕಟಿಸಿತು. ಅಲ್ಲಿಂದ ಮುಂದೆ ಆತನ ಕೆಲಸ ಕಾಲದೊಡನೆ ಹೂಡಿದ ಪಂದ್ಯವಾಯಿತು.

ರಾತ್ರಿಯನ್ನೇ ಏಕೆ ಆರಿಸಿಕೊಳ್ಳಬೇಕಿತ್ತು, ಹಗಲಿಲ್ಲವೆ, ಎಂದು ಕೇಳಬಹುದು. ಹಗಲಿನಲ್ಲಿ ಸೂರ್ಯನು ಛಾಯಾಗ್ರಾಹಕನಿಗೆ ಬೇಕಾದ ಕಡೆ ಇರುವುದಿಲ್ಲ. ರೈಲುಹಳಿಯನ್ನೂ ತನಗೆ ಅನುಕೂಲವಾದ ಕಡೆಗೆ ತಿರುಗಿಸಲಾಗದು. ಕಂಬ, ತಂತಿ, ಕಸದ ರಾಶಿ, ಬೇಡದ್ದೆಲ್ಲವೂ ಚಿತ್ರದೊಳಗೆ ನುಗ್ಗುತ್ತವೆ. ರಾತ್ರಿಯಲ್ಲಿ ಹಾಗಲ್ಲ. ಬೆಳಕು ಬಿದ್ದುದಷ್ಟೇ ಉಂಟು, ಬೀಳದ್ದು ಇಲ್ಲವೇ ಇಲ್ಲ. ಮೇಲಾಗಿ ಹಗಲಿನ ಆಕಾಶದಲ್ಲಿ ಕಳೆದುಹೋಗುವ ಉಗಿ ಕಪ್ಪು ಬಾನಿನ ಮುಂದೆ ಹತ್ತಿಯ ಬೆಟ್ಟದಂತೆ ಏಳುತ್ತದೆ.

ಆದರೆ ಆ ಬೆಳಕನ್ನು ತರುವುದು ಸುಲಭದ ಮಾತಾಗಿರಲಿಲ್ಲ. ಆಗಿನ ಫ್ಲಾಶ್ ಬಲ್ಬೆಂದರೆ ಒಂದು ಗಾಜಿನ ಬುರುಡೆ. ಅದರೊಳಗೆ ಕೂದಲಿನಷ್ಟು ತೆಳುವಾದ ಲೋಹದ ಎಳೆಗಳೂ ಆಮ್ಲಜನಕವೂ ತುಂಬಿರುತ್ತಿದ್ದುವು. ವಿದ್ಯುತ್ತು ತಾಗಿದೊಡನೆ ಲೋಹ ಭಗ್ಗನೆ ಉರಿದು, ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಹೊತ್ತು ಕಣ್ಣು ಕೋರೈಸುವ ಬೆಳಕನ್ನು ಚೆಲ್ಲಿ ಆರಿಹೋಗುತ್ತಿತ್ತು. ಒಂದು ಬಲ್ಬು ಒಂದೇ ಸಲ. ಇನ್ನು ಬೆಳಕಿನ ನಿಯಮವಂತೂ ಕಠಿನವಾದುದು: ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ದೂರ ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಚಿತ್ರಿಸಬೇಕಾದ ಎಂಜಿನ್ನೋ ಕಾಡಿಗೆಯ ಕಪ್ಪು, ಬಿದ್ದ ಬೆಳಕನ್ನೆಲ್ಲ ನುಂಗಿಬಿಡುವಂಥದು. ಆದುದರಿಂದ ಒಂದೆರಡು ಬಲ್ಬುಗಳಿಂದ ಏನೂ ಸಾಗದು. ಹಲವು ಬಲ್ಬುಗಳನ್ನು ಒಟ್ಟಿಗೆ ಕೂರಿಸುವ ಬೋಗುಣಿಯಂಥ ಪ್ರತಿಫಲಕಗಳನ್ನು ಲಿಂಕ್ ಸಿದ್ಧಪಡಿಸಿಕೊಂಡನು. ಅವುಗಳನ್ನು ಹಳಿಯ ಪಕ್ಕದಲ್ಲಿ, ಮರದ ಮರೆಯಲ್ಲಿ, ಸೇತುವೆಯ ಕೆಳಗೆ, ಮನೆಯ ಸೂರಿನ ಹಿಂದೆ ನಿಲ್ಲಿಸಿ, ಎಲ್ಲಕ್ಕೂ ಮಾರುಗಟ್ಟಲೆ ತಂತಿಯನ್ನು ಎಳೆದು ಒಂದೇ ಗುಂಡಿಗೆ ಸೇರಿಸುತ್ತಿದ್ದನು.

ತಂತಿಯ ಜೋಡಣೆಯಲ್ಲಿ ಆತನ ಎಂಜಿನಿಯರ್ ಬುದ್ಧಿ ಕೆಲಸ ಮಾಡಿತು. ಬಲ್ಬುಗಳನ್ನು ಆತನು ಸರಣಿ ಕ್ರಮದಲ್ಲಿ ಜೋಡಿಸಿದನು. ಆ ಕ್ರಮದಲ್ಲಿ ವಿದ್ಯುತ್ತು ಒಂದು ಬಲ್ಬನ್ನು ಹಾದೇ ಮುಂದಿನದಕ್ಕೆ ಹೋಗಬೇಕು. ಒಂದು ಕೆಟ್ಟಿದ್ದರೆ ಯಾವುದೂ ಉರಿಯದು. ಇದು ಮೇಲುನೋಟಕ್ಕೆ ಮೂರ್ಖತನವೆಂದು ತೋರಬಹುದು. ಆದರೆ ಅರ್ಧ ಬೆಳಗಿದ ಚಿತ್ರದಿಂದ ಪ್ರಯೋಜನವೇನು? ಉರಿದರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಉರಿಯಬೇಕು, ಇಲ್ಲವಾದರೆ ಅಷ್ಟೂ ಬಲ್ಬುಗಳು ಉಳಿದು ಮತ್ತೊಂದು ರಾತ್ರಿಗಾದರೂ ಆಗಬೇಕು. ಸಾಮಾನ್ಯವಾಗಿ 4 ಅಂಗುಲ ಅಗಲ 5 ಅಂಗುಲ ಉದ್ದದ ಫಿಲ್ಮನ್ನು ಬಳಸುವ ದೊಡ್ಡ ಕ್ಯಾಮೆರಾಗಳನ್ನು ಆತನು ಹೂಡುತ್ತಿದ್ದನು. ಹಗಲಿನಲ್ಲಿಯೇ ಬಂದು ಸ್ಥಳವನ್ನು ನೋಡಿ, ಎಂಜಿನ್ನು ಎಲ್ಲಿಗೆ ಬಂದಾಗ ಗುಂಡಿ ಒತ್ತಬೇಕೆಂದು ಗುರುತು ಮಾಡಿ, ಗಂಟೆಗಟ್ಟಲೆ ತಂತಿ ಎಳೆದು, ಕತ್ತಲಾದ ಮೇಲೆ ಕಾದು ಕುಳಿತುಕೊಳ್ಳಬೇಕು. ಗಾಡಿ ಬರುತ್ತದೆ, ಒಂದು ಸಲ ಬೆಳಕು ಹೊಳೆಯುತ್ತದೆ, ಗಾಡಿ ಹೋಗುತ್ತದೆ. ಎರಡನೆಯ ಅವಕಾಶವಿಲ್ಲ. ಇದನ್ನು ಒಬ್ಬನೇ ಮಾಡಲಾಗದು. ಸಹಾಯಕರು ಜೊತೆಯಲ್ಲಿರುತ್ತಿದ್ದರು. ಚಾಲಕರು, ಗಾರ್ಡುಗಳು, ಚಿಕ್ಕ ನಿಲ್ದಾಣಗಳ ಏಜೆಂಟರು, ಎಂಜಿನ್ನಿಗೆ ಎಣ್ಣೆ ಹಾಕುವವರು, ಹಳಿಯ ಪಕ್ಕದ ಮನೆಯವರು ಇವರೆಲ್ಲರ ಒಳ್ಳೆಯತನದಿಂದಲೇ ಆ ಕೆಲಸ ನಡೆಯಿತು.

ಆ ಚಿತ್ರಗಳನ್ನು ನೋಡಿದವರಿಗೆ ಒಂದು ಸಂಗತಿ ಬೇಗನೆ ಹೊಳೆಯುತ್ತದೆ. ಅವು ರೈಲಿನ ಚಿತ್ರಗಳು ಹೌದು, ಆದರೆ ಅನೇಕ ಕಡೆ ರೈಲು ಹಿಂದೆ ಇರುತ್ತದೆ, ಮನುಷ್ಯರು ಮುಂದೆ ಇರುತ್ತಾರೆ. ಎಂಜಿನ್ನುಗಳ ಅಭಿಮಾನಿಗಳು ಎಷ್ಟೋ ಮಂದಿ ಎಂಜಿನ್ನನ್ನು ಮಾತ್ರ ಚಿತ್ರಿಸಿ ತೃಪ್ತರಾಗಿದ್ದಾರೆ. ಲಿಂಕ್ ಹಳಿಯ ಪಕ್ಕದ ಬದುಕನ್ನು ಕಂಡನು. ಲಿಥಿಯಾ ಎಂಬ ಹಳ್ಳಿಯಲ್ಲಿ 1955ರಲ್ಲಿ ತೆಗೆದ ಒಂದು ಚಿತ್ರದಲ್ಲಿ ಮನೆಯ ನಡುಕೋಣೆ ಕಾಣುತ್ತದೆ. ಹೆಂಗಸೊಬ್ಬಳು ತೊಡೆಯ ಮೇಲೆ ಬೆಕ್ಕನ್ನು ಮಲಗಿಸಿಕೊಂಡು ಕುಳಿತಿದ್ದಾಳೆ. ಹುಡುಗನೊಬ್ಬನು ಕಿಟಕಿಯ ಬಳಿ ನಿಂತು ಕೈಬೀಸುತ್ತಿದ್ದಾನೆ. ಕಿಟಕಿಯ ಆಚೆ, ಕೈಗೆಟಕುವಷ್ಟು ಸಮೀಪದಲ್ಲಿ, ಬೃಹತ್ತಾದ ಎಂಜಿನ್ನು ಹಾಯುತ್ತಿದೆ. ಒಳಗಿನ ಬೆಳಕೂ ಹೊರಗಿನ ಬೆಳಕೂ ಸರಿಸಮನಾಗಿ ಬೀಳುವಂತೆ ಮಾಡಲು ಎಷ್ಟು ಲೆಕ್ಕ ಬೇಕಾಯಿತೆಂಬುದನ್ನು ಚಿತ್ರ ಹೇಳುವುದಿಲ್ಲ. ಬೆಕ್ಕು ನಿಶ್ಚಿಂತವಾಗಿದೆ, ಆ ಮನೆಗೆ ರೈಲು ದಿನನಿತ್ಯದ ನೆಂಟ. ಲೂರೇ ಎಂಬಲ್ಲಿ 1956ರಲ್ಲಿ ತೆಗೆದ ಮತ್ತೊಂದು ಚಿತ್ರದಲ್ಲಿ ಹಾಕ್ಸ್‌ಬಿಲ್ ಹಳ್ಳದ ನೀರಿನಲ್ಲಿ ಮಕ್ಕಳು ಈಜಾಡುತ್ತಿದ್ದಾರೆ, ಮೇಲೆ ಸೇತುವೆಯ ಮೇಲೆ ಗಾಡಿ ಓಡುತ್ತಿದೆ. ಬೇಸಗೆಯ ರಾತ್ರಿಯ ಆ ಸಂಭ್ರಮವನ್ನು ತೋಟದ ಬಾವಿಯಲ್ಲಿ ಈಜು ಕಲಿತ ಯಾವ ಹುಡುಗನಾದರೂ ಬಲ್ಲನು.

ಎಲ್ಲಕ್ಕಿಂತ ಹೆಸರಾದುದು ಪಶ್ಚಿಮ ವರ್ಜೀನಿಯದ ಯೇಗರ್ ಎಂಬ ಊರಿನಲ್ಲಿ 1956ರ ಆಗಸ್ಟ್ 2ರಂದು ತೆಗೆದ ಚಿತ್ರ. ಅಲ್ಲಿ ಕಾರಿನಲ್ಲಿ ಕುಳಿತಂತೆಯೇ ಸಿನಿಮಾ ನೋಡುವ ಬಯಲು ಚಿತ್ರಮಂದಿರವಿತ್ತು. ಮುಂದೆ ಲಿಂಕ್‌ನ ಸ್ವಂತ ಕಾರಿನಲ್ಲಿ ಯುವಕ ಯುವತಿಯರಿಬ್ಬರು ಕುಳಿತಿದ್ದಾರೆ; ತೆರೆಯ ಮೇಲೆ ವಿಮಾನವೊಂದು ಹಾರುತ್ತಿದೆ; ಬಲಗಡೆ ಬೆಳ್ಳನೆಯ ಹೊಗೆಯನ್ನು ಕಾರುತ್ತ ಗೂಡ್ಸ್ ಗಾಡಿಯ ಎಂಜಿನ್ನು ಧಾವಿಸುತ್ತಿದೆ. ಇದಕ್ಕಾಗಿ 42 ದೊಡ್ಡ ಬಲ್ಬುಗಳನ್ನೂ ಒಂದು ಚಿಕ್ಕ ಬಲ್ಬನ್ನೂ ಒಟ್ಟಿಗೆ ಸಿಡಿಸಬೇಕಾಯಿತು. ಅಷ್ಟೊಂದು ಬೆಳಕಿನಲ್ಲಿ ತೆರೆಯ ಮೇಲಿನ ಸಿನಿಮಾ ಅಳಿಸಿಹೋಯಿತು. ಆದುದರಿಂದ ವಿಮಾನದ ಚಿತ್ರವನ್ನು ಬೇರೆಯಾಗಿ ತೆಗೆದು, ಮುದ್ರಿಸುವಾಗ ಆ ಸ್ಥಳದಲ್ಲಿ ಕೂಡಿಸಲಾಯಿತು. ಹಾಗಾದರೆ ಇದು ಕಣ್ಕಟ್ಟಲ್ಲವೆ? ಜನರನ್ನು ಕೂರಿಸಿ, ನಿಲ್ಲಿಸಿ, ಹೀಗೆ ನೋಡಿ ಎಂದು ಹೇಳಿ ತೆಗೆದ ಚಿತ್ರ ನಿಜವಾಗುವುದೆಂತು? ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಲಿಂಕ್‌ನ ಚಿತ್ರಗಳು ತಾನೇತಾನಾಗಿ ಒದಗಿ ಬಂದ ನೋಟಗಳಲ್ಲ. ನಾಟಕದ ರಂಗದಂತೆ ಕಟ್ಟಿದುವು. ಆದರೆ ಆ ಹಳ್ಳ, ಆ ಮನೆ, ಆ ಬಯಲು ಚಿತ್ರಮಂದಿರ, ಪಕ್ಕದಲ್ಲಿ ಓಡುವ ರೈಲು ಇವು ಯಾವುವೂ ಕಟ್ಟುಕಥೆಯಲ್ಲ. ಜನರು ತಮ್ಮ ಊರಿನಲ್ಲಿ ತಾವು ದಿನವೂ ಮಾಡುವ ಕೆಲಸವನ್ನೇ ಆ ಒಂದು ಕ್ಷಣಕ್ಕಾಗಿ ಮಾಡಿ ತೋರಿಸಿದರು. ವಿಮಾನದ ಮಾತನ್ನು ಮುಚ್ಚಿಡದೆ ತಿಳಿಸಿದರೆ ಚಿತ್ರದ ಬೆಲೆಗೆ ಕುಂದಿಲ್ಲ.

ಹಗಲಿನ ಚಿತ್ರಗಳನ್ನೂ ಆತನು ಕೆಲವು ತೆಗೆದನು. ಗ್ರೀನ್ ಕೋವ್ ಎಂಬ ಬೆಟ್ಟದ ನಿಲ್ದಾಣಕ್ಕೆ ಪುಟ್ಟ ಗಾಡಿಯೊಂದು ಬರುತ್ತಿರುವಾಗ, ಬಂಡಿಗೆ ಕಟ್ಟಿದ ಬಿಳಿಯ ಕುದುರೆ ನಮಸ್ಕರಿಸುವಂತೆ ತಲೆ ಬಾಗಿಸಿದ ಚಿತ್ರ ಅವುಗಳಲ್ಲಿ ಒಂದು. ಚಿತ್ರ ಸಾಲದೆಂದು ಆತನು ಶಬ್ದವನ್ನೂ ಹಿಡಿಯತೊಡಗಿದನು. ಮಂದ ಕಿವಿಯವನು ಉಗಿ ಎಂಜಿನ್ನಿನ ಸದ್ದನ್ನು ಕಾಪಿಡಲು ಹೊರಟುದು ಸೋಜಿಗವೇ ಸರಿ. ಏರು ದಾರಿಯಲ್ಲಿ ಏದುತ್ತ ಹತ್ತುವ ಎಂಜಿನ್ನಿನ ಉಸಿರು, ಕಣಿವೆಯಲ್ಲಿ ಮಾರ್ದನಿಗೊಡುವ ಸಿಳ್ಳು, ನಡುವೆ ಮೌನ, ಮಿಡತೆಗಳ ಸದ್ದು ಇವನ್ನೆಲ್ಲ ಧ್ವನಿಮುದ್ರಿಸಿ 1957ರಿಂದ ಗ್ರಾಮಾಫೋನ್ ತಟ್ಟೆಗಳಾಗಿ ಹೊರತಂದನು. ಅದೇ ವರ್ಷದ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ರೂರಲ್ ರಿಟ್ರೀಟ್ ಎಂಬ ಊರಿನ ನಿಲ್ದಾಣದಲ್ಲಿ, ಚರ್ಚಿನ ಗಂಟೆಯ ನಾದದೊಡನೆ ರೈಲು ಬಂದು ಹೊರಡುವುದನ್ನು ಆತನು ಮುದ್ರಿಸಿದನು. ಅಲ್ಲಿ ಪ್ರಯಾಣಿಕರ ಗಾಡಿಗಳನ್ನು ಎಳೆಯುತ್ತಿದ್ದ ಉಗಿ ಎಂಜಿನ್ನುಗಳ ದಿನಗಳು ಆಗಲೇ ಎಣಿಕೆಗೆ ಬಂದಿದ್ದುವು.

1958ರಲ್ಲಿ ಕಂಪನಿಗೆ ಹೊಸ ಅಧ್ಯಕ್ಷರು ಬಂದರು. ಡೀಸೆಲ್ಲಿಗೆ ತಿರುಗುವ ಕೆಲಸ ಚುರುಕಾಯಿತು. ಡೀಸೆಲ್ ಎಂಜಿನ್ನು ನೀರಿಗಾಗಿ ನಿಲ್ಲುವುದಿಲ್ಲ, ಅದರ ಬೂದಿಯನ್ನು ಬಾಚಬೇಕಾಗಿಲ್ಲ, ಅದನ್ನು ನೋಡಿಕೊಳ್ಳಲು ಅಷ್ಟೊಂದು ಆಳುಗಳೂ ಬೇಕಾಗಿಲ್ಲ. ಕಂಪನಿಯ ಲೆಕ್ಕ ತಪ್ಪೆನ್ನುವಂತಿಲ್ಲ. ಆದರೆ ಆ ಲೆಕ್ಕದಿಂದ ನೀರಿನ ತೊಟ್ಟಿಗಳೂ ಕಲ್ಲಿದ್ದಲ ಕಟ್ಟೆಗಳೂ ನೆಲಕ್ಕುರುಳಿದುವು. ಎಣ್ಣೆ ಹಾಕುವವರು, ಬೂದಿ ತೆಗೆಯುವವರು, ಬಾಯ್ಲರು ಕಟ್ಟುವವರು ಎಷ್ಟೋ ಮಂದಿ ಕೆಲಸ ಕಳೆದುಕೊಂಡರು. 1960ರ ಮೇ ತಿಂಗಳಿನಲ್ಲಿ ಕೊನೆಯ ಉಗಿ ಎಂಜಿನ್ನಿನ ಬೆಂಕಿ ಆರಿತು. ಕೆಲವೇ ಎಂಜಿನ್ನುಗಳು ಉಳಿದುವು. ಬಹುಪಾಲು ಗುಜರಿಗೆ ಹೋದುವು. ಲಿಂಕ್ ಐದು ವರ್ಷಗಳಲ್ಲಿ ನ್ಯೂಯಾರ್ಕಿನಿಂದ ಮತ್ತೆ ಮತ್ತೆ ಅಷ್ಟು ದೂರ ಹೋಗಿ ಬಂದು, ಸುಮಾರು 2,400 ನೆಗೆಟಿವ್‌ಗಳನ್ನು ಕೂಡಿಹಾಕಿದ್ದನು.

ಅವುಗಳನ್ನು ಕೇಳುವವರು ಯಾರೂ ಇರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ರೈಲಿನ ಹುಚ್ಚಿರುವ ಕೆಲವರು ಬಲ್ಲವರಿದ್ದರು, ಧ್ವನಿಮುದ್ರಿಕೆಗಳನ್ನು ಕೊಂಡವರಿದ್ದರು. ಕಲೆಯ ಲೋಕ ಮಾತ್ರ ಅತ್ತ ಹೆಚ್ಚಾಗಿ ತಿರುಗಿ ನೋಡಲಿಲ್ಲ. ಲಿಂಕ್ ಮತ್ತೆ ಜಾಹೀರಾತಿನ ಕೆಲಸಕ್ಕೆ ಮರಳಿ ಇಪ್ಪತ್ತು ವರ್ಷಕ್ಕಿಂತಲೂ ಹೆಚ್ಚು ಕಾಲ ದುಡಿದನು. 1983ರಲ್ಲಿ, ಆತನು ಎಪ್ಪತ್ತರ ಹೊಸ್ತಿಲಲ್ಲಿದ್ದಾಗ, ಆ ಚಿತ್ರಗಳ ಪ್ರದರ್ಶನಗಳು ನಡೆದುವು. ಜನ ಬೆರಗಾದರು. 1987ರಲ್ಲಿ ಉಗಿ, ಉಕ್ಕು, ನಕ್ಷತ್ರಗಳ ಹೆಸರನ್ನು ಹೊತ್ತ ಗ್ರಂಥವೂ, 1995ರಲ್ಲಿ ಅಮೆರಿಕದ ಕೊನೆಯ ಉಗಿ ರೈಲ್ವೆಯನ್ನು ಕುರಿತ ಮತ್ತೊಂದು ಗ್ರಂಥವೂ ಹೊರಬಂದುವು. ಮುಪ್ಪಿನ ಕಾಲದಲ್ಲಿ ಆತನ ಸಂಸಾರ ಸುಖವಾಗಿರಲಿಲ್ಲ. ಮುದ್ರಿಸಿಟ್ಟ ಚಿತ್ರಗಳು ನೂರುಗಟ್ಟಲೆ ಕಳುವಾಗಿ, ಆ ಮೊಕದ್ದಮೆ ನ್ಯಾಯಾಲಯದಲ್ಲಿ ನಡೆಯಿತು. ಬೆಲೆಯಿಲ್ಲದಿದ್ದಾಗ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದ ಚಿತ್ರಗಳಿಗೆ ಬೆಲೆ ಬಂದಾಗ ಕಳ್ಳತನದ ಭಯವೂ ಬಂದಿತ್ತು.

1999ರಲ್ಲಿ ತೆರೆಕಂಡ ಅಕ್ಟೋಬರ್ ಸ್ಕೈ ಎಂಬ ಚಲನಚಿತ್ರದಲ್ಲಿ ಪಶ್ಚಿಮ ವರ್ಜೀನಿಯದ ಗಣಿಯ ಊರಿನ ಕಥೆ ಬರುತ್ತದೆ. ಅದರಲ್ಲಿ ಉಗಿ ಎಂಜಿನ್ನಿನ ಚಾಲಕನಾಗಿ ಒಂದು ಗಳಿಗೆ ಕಾಣಿಸಿಕೊಳ್ಳುವ ಮುದುಕನು ವಿನ್‌ಸ್ಟನ್ ಲಿಂಕ್. ಹಳಿಯ ಪಕ್ಕದ ಕತ್ತಲೆಯಲ್ಲಿ ಅಷ್ಟು ರಾತ್ರಿಗಳನ್ನು ಕಳೆದವನು ಆಗ ಎಂಜಿನ್ನಿನೊಳಗೆ ನಿಂತಿದ್ದನು. 2001ರ ಜನವರಿ 30ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ, ಆತನು ಹೃದಯಾಘಾತದಿಂದ ತೀರಿಕೊಂಡನು.

ತನ್ನ ಚಿತ್ರಗಳಿಗೆ ಒಂದು ಮನೆಯಾಗಬೇಕೆಂಬ ಏರ್ಪಾಟಿನಲ್ಲಿ ಆತನು ಕೊನೆಯವರೆಗೂ ಭಾಗಿಯಾಗಿದ್ದನು. ಆ ಮನೆ 2004ರ ಜನವರಿಯಲ್ಲಿ ಬಾಗಿಲು ತೆರೆಯಿತು. ಅದಿರುವುದು ರೊನೋಕ್ ಪಟ್ಟಣದಲ್ಲಿ, ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪನಿಯು ಹಿಂದೆ ಪ್ರಯಾಣಿಕರಿಗಾಗಿ ನಡೆಸುತ್ತಿದ್ದ ನಿಲ್ದಾಣದ ಕಟ್ಟಡದಲ್ಲಿಯೇ. ಎದುರಿನ ಹಳಿಗಳ ಮೇಲೆ ಈಗ ಡೀಸೆಲ್ ಎಂಜಿನ್ನುಗಳು ಗೂಡ್ಸ್ ಗಾಡಿಗಳನ್ನು ಎಳೆದುಕೊಂಡು ಹೋಗುತ್ತವೆ. ಒಳಗೆ ಗೋಡೆಗಳ ಮೇಲೆ ಕರಿಯ ರಾತ್ರಿಗಳು, ಬಿಳಿಯ ಉಗಿ, ಕಿಟಕಿಯಲ್ಲಿ ಕೈಬೀಸುವ ಹುಡುಗ. ಅವುಗಳ ಜೊತೆಯಲ್ಲಿ ಲಿಂಕ್ ಬಳಸುತ್ತಿದ್ದ ಕ್ಯಾಮೆರಾ, ಫ್ಲಾಶ್ ಸಲಕರಣೆಗಳು.